ಬಿಳಿಗೂದಲ ಮಗುವೂ ಎರಡು ಮನೆತನಗಳೂ

ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡಿನ ಕಡೆಗೆ ಹೋಗುವ ಹಾದಿಯ ಇಕ್ಕೆಲಗಳಲ್ಲಿಯೂ ಚೆಂಡುಹೂವೂ ಸೂರ್ಯಕಾಂತಿಯೂ ಅರಳಿ ನಿಂತ ಕಾಲದಲ್ಲಿ, ನಮ್ಮ ಕಣ್ಣಿಗೆ ಹಬ್ಬವಾಗುವ ಆ ಹೊಲಗಳ ಬೆಳಕು, ಮೆಲನಿನ್ ಎಂಬ ವರ್ಣದ್ರವ್ಯವು ದೇಹದಲ್ಲಿ ಉತ್ಪನ್ನವಾಗದೆ, ಅಥವಾ ಅತ್ಯಲ್ಪವಾಗಿ ಉತ್ಪನ್ನವಾಗಿ, ಬಿಳಿಗೂದಲಿನೊಡನೆ ಜನಿಸಿದ ಮಗುವಿಗೆ ಕಣ್ಣು ತೆರೆಯಗೊಡದ ವೇದನೆಯಾಗಿ ಪರಿಣಮಿಸುತ್ತದೆ. ಇದನ್ನೇ ವೈದ್ಯರು ಆಲ್ಬಿನಿಸಂ ಎನ್ನುತ್ತಾರೆ. ಇಂತಹ ಮಗು ಹುಟ್ಟಿದ ಮನೆಯಲ್ಲಿ ಮಗುವಿನ ದೃಷ್ಟಿಯ ವಿಚಾರಕ್ಕಿಂತ ಮೊದಲು ತಾಯಿಯ ವಿಚಾರಣೆ ನಡೆಯುವುದುಂಟು: ಗ್ರಹಣಕಾಲದಲ್ಲಿ ಹೊರಗೆ ಬಂದಳೇ, ಅವಳ ತವರಿನಲ್ಲಿ ಯಾರಿಗಾದರೂ ತೊನ್ನು ಇತ್ತೇ ಎಂದು. ಈ ವಿಚಾರಣೆ ಕ್ರೂರವಾದದ್ದು ಮಾತ್ರವಲ್ಲ, ಸತ್ಯಕ್ಕೆ ವಿರುದ್ಧವಾದದ್ದು.

ಆಂಗ್ಲ ವೈದ್ಯ ಆರ್ಚಿಬಾಲ್ಡ್ ಗ್ಯಾರೊಡ್ 1908ರಷ್ಟು ಹಿಂದೆಯೇ ಇದನ್ನು ಹುಟ್ಟಿನಿಂದ ಬರುವ ರಾಸಾಯನಿಕ ನ್ಯೂನತೆಗಳ ಸಾಲಿಗೆ ಸೇರಿಸಿದನು. ಚರ್ಮ, ಕೂದಲು, ಕಣ್ಣು ಮೂರನ್ನೂ ಬಾಧಿಸುವ ಬಗೆಯಲ್ಲಿ, ದೋಷವುಳ್ಳ ಜೀನ್ ತಂದೆಯಿಂದೊಂದು ತಾಯಿಯಿಂದೊಂದು ಬಂದು ಸೇರಿದ ಹೊರತು ಲಕ್ಷಣವು ಪ್ರಕಟವಾಗದು. ಬಂಡೀಪುರಕ್ಕೆ ಹೊಂದಿಕೊಂಡ ಕಬಿನಿಯ ಅರಣ್ಯದ ಕರಿಚಿರತೆಯದೂ ಇದೇ ನಿಯಮ. ಅಲ್ಲಿ ಬಣ್ಣ ಹೆಚ್ಚುತ್ತದೆ, ಇಲ್ಲಿ ಇಲ್ಲವಾಗುತ್ತದೆ ಎಂಬುದೊಂದೇ ಭೇದ. ಚುಕ್ಕೆಯುಳ್ಳ ಎರಡು ಚಿರತೆಗಳಿಗೆ ಕಪ್ಪು ಮರಿ ಹುಟ್ಟಬಹುದಾದಂತೆ, ಕಪ್ಪುಗೂದಲಿನ ದಂಪತಿಗಳಿಗೆ, ತಲೆಮಾರುಗಳಿಂದ ಮನೆತನದಲ್ಲಿ ಯಾರಲ್ಲಿಯೂ ಕಾಣದಿದ್ದ ಬಿಳುಪಿನ ಮಗು ಹುಟ್ಟಬಹುದು. ಇಬ್ಬರೂ ಲಕ್ಷಣ ತೋರದೆ ಆ ಜೀನನ್ನು ಹೊತ್ತ ವಾಹಕರಾಗಿದ್ದಲ್ಲಿ ಪ್ರತಿಯೊಂದು ಗರ್ಭದಲ್ಲಿಯೂ ಆ ಸಂಭವ ನಾಲ್ಕರಲ್ಲಿ ಒಂದು.

ಇಲ್ಲಿಯೇ ನಮ್ಮ ಒಳಸಂಬಂಧಗಳ ಪ್ರಶ್ನೆ ಏಳುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಅವರ ಸಹೋದ್ಯೋಗಿಗಳು 1980ರ ದಶಕದಲ್ಲಿ ಕರ್ನಾಟಕದ ನವಜಾತ ಶಿಶುಗಳ ತಂದೆತಾಯಿಗಳನ್ನು ವಿಚಾರಿಸಿದಾಗ ಸುಮಾರು ಮೂರರಲ್ಲೊಂದು ಪಾಲು ವಿವಾಹಗಳು ರಕ್ತಸಂಬಂಧಿಗಳ ನಡುವಿನವಾಗಿದ್ದವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿಯೂ ಆ ಪ್ರಮಾಣ ಶೇಕಡಾ 27ರಷ್ಟಿತ್ತು. ಅಕ್ಕನ ಮಗಳನ್ನು ತಂದುಕೊಂಡ ಸೋದರಮಾವನೂ ಅವಳೂ ಒಂದೇ ಪೂರ್ವಜರಿಂದ ಒಂದೇ ಗುಪ್ತ ದೋಷವನ್ನು ಪಡೆದಿರುವ ಸಾಧ್ಯತೆ ಬಂಧುಗಳಲ್ಲದ ದಂಪತಿಗಳಿಗಿಂತ ಬಹಳ ಅಧಿಕ. ಆದರೆ ಸೋದರಿಕೆಯನ್ನಷ್ಟೇ ಹಳಿದು ಕೈತೊಳೆದುಕೊಳ್ಳುವುದೂ ಸರಿಯಲ್ಲ. ಬಂಗಾಳದ ತಿಲಿ ಸಮುದಾಯದಲ್ಲಿ ಆಲ್ಬಿನಿಸಂ ಉಳ್ಳವರನ್ನು ಪರೀಕ್ಷಿಸಿದ ಕೋಲ್ಕತ್ತದ ವಿಜ್ಞಾನಿಗಳು ಒಂದೇ ಪೂರ್ವಜಮೂಲದ ಜೀನ್‌ದೋಷವನ್ನು ಗುರುತಿಸಿದ್ದಾರೆ. ಹತ್ತಿರದ ಬಂಧುತ್ವವಿಲ್ಲದಿದ್ದರೂ ಜಾತಿಯೊಳಗಿನ ವಿವಾಹವು ಶತಮಾನಗಳ ಕಾಲ ಅದೇ ಕೆಲಸವನ್ನು ನಿಧಾನವಾಗಿ ಮಾಡಬಲ್ಲುದು. ಆದುದರಿಂದ ಬಂಧುವಿವಾಹವನ್ನು ಯೋಚಿಸುವ ಮನೆಗಳಿಗೆ ಬೈಗುಳವಲ್ಲ, ಮುಂಚಿತವಾದ ತಿಳಿವಳಿಕೆ ಸಲ್ಲಬೇಕು. ಅದು ಬೆಂಗಳೂರಿನಲ್ಲಿ ಮಾತ್ರವಲ್ಲದೆ ಚಾಮರಾಜನಗರದ ಆಸ್ಪತ್ರೆಯಲ್ಲಿಯೂ ದೊರೆಯಬೇಕು.

ಬಿಳಿಗೂದಲಿನ ಹೆಣ್ಣುಮಗಳಿಗೆ ವರ ದೊರೆಯದಿರುವುದು ನನ್ನನ್ನು ಇದೆಲ್ಲಕ್ಕಿಂತ ಹೆಚ್ಚು ನೋಯಿಸುವ ಸಂಗತಿ. ವಾಹಕನಲ್ಲದವನನ್ನು ವರಿಸಿದಲ್ಲಿ ಅವಳ ಮಕ್ಕಳೆಲ್ಲರೂ ದೋಷವನ್ನು ಗುಪ್ತವಾಗಿ ಧರಿಸಿಯಾರಲ್ಲದೆ ಅವರಲ್ಲಿ ಯಾರಿಗೂ ಈ ಲಕ್ಷಣ ತೋರದು. ಇದನ್ನು ಪ್ರತಿಯೊಬ್ಬ ಹಿರಿಯನಿಗೂ ಕೂರಿಸಿ ಹೇಳಬೇಕಾಗಿದೆ.

ಕಣ್ಣಿನ ರಚನೆಯೇ ಅಪೂರ್ಣವಾಗಿರುವುದರಿಂದ ಕನ್ನಡಕವು ಇವರ ದೃಷ್ಟಿಯನ್ನು ಸಂಪೂರ್ಣವಾಗಿ ಸರಿಪಡಿಸಲಾರದು. ಕಪ್ಪುಹಲಗೆ ಕಾಣದ ಮಗುವನ್ನು ದಡ್ಡನೆಂದು ತಿಳಿಯುವ ಉಪಾಧ್ಯಾಯನು ಅದನ್ನು ಮೊದಲ ಸಾಲಿನಲ್ಲಿ, ಕಿಟಕಿಗೆ ಬೆನ್ನಾಗಿ ಕೂರಿಸಿದರೆ ಅರ್ಧ ಕಷ್ಟ ನೀಗುವುದು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಮಂದದೃಷ್ಟಿಯನ್ನು ಮಾನ್ಯಮಾಡಿರುವುದರಿಂದ ದೊಡ್ಡಕ್ಷರದ ಪುಸ್ತಕವನ್ನೂ ಪರೀಕ್ಷೆಯಲ್ಲಿ ಹೆಚ್ಚು ಕಾಲಾವಕಾಶವನ್ನೂ ಕೇಳಿ ಪಡೆಯಬಹುದು. ಮೆಲನಿನ್ನಿನ ರಕ್ಷಣೆಯಿಲ್ಲದ ಚರ್ಮಕ್ಕೆ ಬಿಸಿಲಿನಿಂದ ಕ್ಯಾನ್ಸರಿನ ಭಯವುಂಟು; ಹೊಲದ ಕೂಲಿಯನ್ನು ಬಿಟ್ಟು ಅನ್ಯ ಜೀವನೋಪಾಯವಿಲ್ಲದವರಿಗೆ ನೆರಳಿನಲ್ಲಿರು ಎಂಬ ಉಪದೇಶದಿಂದ ಏನು ಫಲ? ಬಿಸಿಲು ತಡೆಯುವ ಲೇಪವನ್ನು ಸೌಂದರ್ಯಸಾಧನವೆಂದು ಎಣಿಸದೆ, ಔಷಧವೆಂದೇ ಪರಿಗಣಿಸಿ, ತಾಲ್ಲೂಕು ಆಸ್ಪತ್ರೆಗಳಲ್ಲಿ ಇವರಿಗೆ ವರ್ಷವಿಡೀ ಉಚಿತವಾಗಿ ಕೊಡುವುದು ಸರ್ಕಾರದ ಕರ್ತವ್ಯ.