ಪೆರ್ನಾಲ್ ದಿನ ರೂಮಿನಲ್ಲಿ ಮಲಗುವವರು
ಚಾಮರಾಜಪೇಟೆ ಈದ್ಗಾಹ್‌ನಲ್ಲಿ ಹನಫಿ ಕ್ರಮದಂತೆ ಮೊದಲ ರಕ್‌ಅತ್‌ಗೆ ಮೂರೇ ಹೆಚ್ಚುವರಿ ತಕ್ಬೀರ್. ಶಾಫಿಈಗಳಾದ ನಮಗೆ ಊರಲ್ಲಿ ಏಳು ಅಭ್ಯಾಸ. ಎಣಿಸುತ್ತಾ ನಿಂತರೆ ಗಲಿಬಿಲಿ, ಇಮಾಮರ ಹಿಂದೆ ಹೋದ್ರೆ ಸಾಕು. ಜಮಾಅತ್ ಅಂದ್ರೆ ಅದೇ ತಾನೇ?

ಆದ್ರೆ ಸಫ್ ಬಿಟ್ಟ ಮೇಲೆ? ಊರಿಗೆ ಹೋಗಲು ರಜೆ ಸಿಗದ ನಮ್ಮ ಕರಾವಳಿಯ ಹುಡುಗರು ಅಂಗಡಿ, ಬೇಕರಿ, ಹೋಟೆಲ್‌ಗಳಲ್ಲಿದ್ದಾರೆ. ನಮಾಝ್ ಮುಗಿಸಿ, ಪಕ್ಕದವರನ್ನು ಅಪ್ಪಿಕೊಂಡು, ರೂಮಿಗೆ ಹೋಗಿ ಮಲಗ್ತಾರೆ. ಹಬ್ಬದ ದಿನ ಯಾರೂ ಹಸಿದಿರಬಾರದು, ಆದ್ದರಿಂದ ಫಿತ್ರ್ ಝಕಾತ್‌ನ ಅಕ್ಕಿ ನಮಾಝಿಗೆ ಮೊದಲೇ ತಲುಪಬೇಕೆಂದು ಮದ್ರಸದಲ್ಲಿ ನಾವೇ ಕಲಿಸುತ್ತೇವೆ. ಈ ಹುಡುಗರು ದುಡೀತಾರೆ, ಝಕಾತ್‌ನ ಪಟ್ಟಿಗೆ ಬರೋದಿಲ್ಲ. ಹಾಗಾಗಿ ನಮ್ಮ ಕಣ್ಣಿಗೂ ಬೀಳೋದಿಲ್ಲ.

ಬೆಂಗಳೂರಿನ ನಮ್ಮ ಮನೆಗಳಲ್ಲಿ ಈ ಪೆರ್ನಾಲಿಗೆ ಎರಡು ತಟ್ಟೆ ಹೆಚ್ಚಿಡೋಣ. ಈದ್ಗಾಹ್ ಗೇಟಲ್ಲೇ ಕೈ ಹಿಡಿದು, 'ಮೋನೇ, ಬಾ' ಎಂದು ಕರೆದುಕೊಂಡು ಬರೋಣ.