ಐದು ಸೆಂಟಿಮೀಟರ್ ಕಡಿಮೆ, ಆದರೂ ಚಿನ್ನ



ಹೋದ ತಿಂಗಳು ನನ್ನ ಮಗ ಶಾಲೆಯಿಂದ ಒಂದು ಚೀಟಿ ತಂದ. ಡಿಸ್ಕಸ್ ಎಸೆತದ ತರಬೇತಿ, ವಾರಕ್ಕೆರಡು ಸಂಜೆ. "ಆಗ ಗಣಿತದ ಟ್ಯೂಷನ್ ಇದೆಯಲ್ಲೋ" ಅಂತ ಸಹಿ ಹಾಕದೇ ವಾಪಸ್ ಕೊಟ್ಟೆ. ಅವನೇನೂ ಅನ್ನಲಿಲ್ಲ. ರಿಗ್ಗೈನ ನಮ್ಮ ಪುಟ್ಟ ಫ್ಲಾಟಿನಲ್ಲಿ ಊಟದ ತಟ್ಟೆ ಹಿಡಿದು ಗಿರ್ರನೆ ಒಂದು ಸುತ್ತು ಸುತ್ತಿ ಕೆಳಗಿಟ್ಟ, ಅಷ್ಟೆ.

ಆ ರಾತ್ರಿ ನನಗೆ ನೆನಪಾದವರು ವಿಕಾಸ್ ಗೌಡ. 1983ರಲ್ಲಿ ಮೈಸೂರಿನಲ್ಲಿ ಹುಟ್ಟಿ, ನಮ್ಮ ಮಕ್ಕಳ ಹಾಗೆಯೇ ಪರದೇಶದಲ್ಲಿ, ಅಮೆರಿಕದ ಮೇರಿಲ್ಯಾಂಡಿನಲ್ಲಿ ಬೆಳೆದವರು. ತಂದೆ ಶಿವೇ ಗೌಡರು ಅಥ್ಲೆಟಿಕ್ಸ್ ತರಬೇತುದಾರರು. ಓದು ಹಾಳಾಯಿತೇ? ಇಲ್ಲ. ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಓದುತ್ತಲೇ 2006ರಲ್ಲಿ ಅಮೆರಿಕದ ಕಾಲೇಜು ಚಾಂಪಿಯನ್ ಆದರು. ಆದರೆ ಆಡಿದ್ದು ಭಾರತಕ್ಕೆ. 2004ರಿಂದ 2016ರವರೆಗೆ ನಾಲ್ಕು ಒಲಿಂಪಿಕ್ಸ್! 2012ರಲ್ಲಿ 66.28 ಮೀಟರ್ ಎಸೆದು ರಾಷ್ಟ್ರೀಯ ದಾಖಲೆ ಮಾಡಿದರು. ಅದೇ ವರ್ಷ ಲಂಡನ್ ಫೈನಲ್‌ನಲ್ಲಿ ಎಂಟನೆಯವರು.

ನನಗೆ ತುಂಬಾ ಹಿಡಿಸಿದ ಲೆಕ್ಕ ಬೇರೆ. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಅವರು 63.69 ಮೀಟರ್ ಎಸೆದರು, ಸಿಕ್ಕಿದ್ದು ಬೆಳ್ಳಿ. 2014ರಲ್ಲಿ ಗ್ಲಾಸ್ಗೋದಲ್ಲಿ ಎಸೆದದ್ದು 63.64, ಐದು ಸೆಂಟಿಮೀಟರ್ ಕಡಿಮೆ. ಸಿಕ್ಕಿದ್ದು ಚಿನ್ನ! 1958ರ ಮಿಲ್ಖಾ ಸಿಂಗ್ ನಂತರ ಆ ಕೂಟದ ಅಥ್ಲೆಟಿಕ್ಸ್‌ನಲ್ಲಿ ಚಿನ್ನ ಗೆದ್ದ ಮೊದಲ ಭಾರತೀಯ ಪುರುಷ. ಅರ್ಧ ಮಾರ್ಕಿಗೆ ಮಕ್ಕಳನ್ನು ಗದರುವ ನಮ್ಮಂಥ ಇಂಜಿನಿಯರುಗಳು ಇದನ್ನು ಯೋಚಿಸಬೇಕು. ಬಿಡದೇ ನಾಲ್ಕು ವರ್ಷ ಮತ್ತೆ ಎಸೆಯುತ್ತಾ ಇದ್ದರಲ್ಲ, ಅದಕ್ಕೆ ಬಂದ ಪದಕ ಅದು. 2017ರಲ್ಲಿ ಪದ್ಮಶ್ರೀ ಬಂತು, 2018ರಲ್ಲಿ ನಿವೃತ್ತರಾದರು.

ಕುವೈತ್ ಅಮೆರಿಕ ಅಲ್ಲ, ಒಪ್ಪಿದೆ. ಬೇಸಿಗೆಯಲ್ಲಿ ಮೈದಾನಕ್ಕೆ ಇಳಿಯುವ ಹಾಗಿಲ್ಲ, ಎರಡು ವರ್ಷದ ನಂತರ ನಾವು ಇಲ್ಲಿರುತ್ತೇವೋ ಇಲ್ಲವೋ ಗೊತ್ತಿಲ್ಲ. ಎಲ್ಲ ಮಕ್ಕಳೂ ವಿಕಾಸ್ ಗೌಡ ಆಗುವುದೂ ಇಲ್ಲ. ಆದರೆ ಸೋತು ಮತ್ತೆ ಎಸೆಯುವುದನ್ನು ಯಾವ ಟ್ಯೂಷನ್ ಕಲಿಸುತ್ತದೆ ಹೇಳಿ? ನಾವು ಕೊಡಬೇಕಾದದ್ದು ವಾರಕ್ಕೆ ಎರಡು ಸಂಜೆ ಮತ್ತು ಒಂದು ಸಹಿ.

ಮೊನ್ನೆ ನಾನೇ ಶಾಲೆಗೆ ಹೋಗಿ ಆ ಚೀಟಿ ಕೇಳಿ ಸಹಿ ಹಾಕಿ ಬಂದೆ. ಟ್ಯೂಷನ್ ಶನಿವಾರಕ್ಕೆ ಹೋಯಿತು. ನಿಮ್ಮ ಮನೆಯಲ್ಲೂ ಇಂಥದ್ದೊಂದು ಚೀಟಿ ಸಹಿಗೆ ಕಾಯುತ್ತಿದೆಯೇ? ಒಮ್ಮೆ ಮಗುವಿನ ಬ್ಯಾಗ್ ತೆರೆದು ನೋಡಿ.