ನಮ್ಮೊಳಗೆ ಲೆಕ್ಕ ಯಾಕೆ ಎನ್ನುವವರಿಗೆ

ನನ್ನ ತಂಗಿಯ ಕ್ಲಿನಿಕ್ಕಿನ ಡೆಂಟಲ್ ಚೇರ್ ಈಗ ಬೇರೆ ಯಾರದೋ ಕ್ಲಿನಿಕ್ಕಿನಲ್ಲಿದೆ. ಮೂರೂವರೆ ಲಕ್ಷ ಕೊಟ್ಟು ತಂದದ್ದು, ಎರಡು ವರ್ಷ ಕಳೆದು 1,10,000 ರೂಪಾಯಿಗೆ ಹೋಯಿತು. ನೆಲಕ್ಕೆ ಬೋಲ್ಟ್ ಹಾಕಿ ಅದನ್ನು ಕೂರಿಸಿದವನು ನಾನು. ಬಿಚ್ಚಿ ಟೆಂಪೋಗೆ ಹತ್ತಿಸಿದವನೂ ನಾನೇ. ಅವಳ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. "ನನ್ನ ಹೆಸರು ಬೇಡ, ಕಾಕನ ತಪ್ಪನ್ನು ಬಿಡುವುದೂ ಬೇಡ" ಎಂದಿದ್ದಾಳೆ.

ಹೊಸಂಗಡಿಯಿಂದ ಕುಂಬಳೆಯವರೆಗೆ ಈಗ ನಮ್ಮ ಎಷ್ಟೋ ಮನೆಗಳಲ್ಲಿ ಒಬ್ಬಳು ಡೆಂಟಿಸ್ಟ್ ಮಗಳೋ ಸೊಸೆಯೋ ಇದ್ದಾಳೆ. ಮಂಗಳೂರಿನಲ್ಲಿ ನಾಲ್ಕು ವರ್ಷ ಕಲಿತು, ಒಂದು ವರ್ಷ ಇಂಟರ್ನ್‌ಶಿಪ್ ಮುಗಿಸಿ ಬಂದವರು. ಅವರನ್ನು ಓದಿಸಿದ್ದಕ್ಕೆ ನಾವು ಹೆಮ್ಮೆಪಡಬೇಕಾದದ್ದೇ. ಆದರೆ ಅವರಿಗೆ ಸ್ವಂತ ಕ್ಲಿನಿಕ್ ಹಾಕಿಕೊಡುವ ಹೊತ್ತಿಗೆ ನಾವು ನಡೆದುಕೊಳ್ಳುವ ರೀತಿ ಇದೆಯಲ್ಲ, ಅದರ ಬಗ್ಗೆ ನನ್ನ ತಕರಾರು. ಮದುವೆ ಮಂಟಪಕ್ಕೆ ಖರ್ಚು ಮಾಡಿದ ಹಾಗೆ ಕ್ಲಿನಿಕ್ಕಿಗೆ ಖರ್ಚು ಮಾಡುತ್ತೇವೆ. ಲೆಕ್ಕ ಎಂಬ ಮಾತು ಬಂದರೆ ಮಾತ್ರ ಎಲ್ಲರಿಗೂ ಮುಜುಗರ.

ಬ್ಯಾರಿ ಎಂಬ ಹೆಸರು ತುಳುವಿನ 'ಬ್ಯಾರ', ಅಂದರೆ ವ್ಯಾಪಾರದಿಂದ ಬಂದದ್ದು ಎಂದು ವೇದಿಕೆ ಸಿಕ್ಕಿದಲ್ಲೆಲ್ಲ ಹೇಳಿಕೊಳ್ಳುತ್ತೇವೆ. ನನ್ನ ಉಪ್ಪನದು ದಿನಸಿ ಅಂಗಡಿ. ಇಶಾ ನಮಾಝ್ ಮುಗಿಸಿ ಬಂದು ಅವರು ಪುಸ್ತಕ ಬರೆಯದೆ ಊಟಕ್ಕೆ ಕೂತದ್ದನ್ನು ನಾನು ನೋಡಿಲ್ಲ. ಮನೆಗೆ ಎರಡು ಕಿಲೋ ಸಕ್ಕರೆ ತಂದರೂ 'ಮನೆಗೆ' ಎಂದು ಬರೆಯುತ್ತಿದ್ದರು. ಮಾವ ಬಂದು ಅಕ್ಕಿ ಕೊಂಡುಹೋದರೆ ಮಾವನ ಹೆಸರಲ್ಲೂ ಒಂದು ಸಾಲು. ಮಾವ ಅದಕ್ಕೆ ಯಾವತ್ತೂ ಬೇಸರ ಮಾಡಿಕೊಂಡವರಲ್ಲ. ಅಂಥ ಮನೆಯಿಂದ ಬಂದ ನಾವು, ಅಂಗಡಿಯ ನೂರು ಪಟ್ಟು ಬಂಡವಾಳ ಬೇಡುವ ಕ್ಲಿನಿಕ್ಕಿಗೆ ಒಂದು ಪುಸ್ತಕ ಇಡಲಿಲ್ಲ.

ಒಟ್ಟು 18 ಲಕ್ಷ ಸೇರಿತು. ಉಪ್ಪ 6 ಲಕ್ಷ, ತಂಗಿಯ ಗಂಡನ ಅಣ್ಣ 5 ಲಕ್ಷ, ನಾನು 3 ಲಕ್ಷ, ಅವಳ ಚಿನ್ನ ಮಾರಿದ್ದು 4 ಲಕ್ಷ. ಇದು ಸಾಲವಾ, ಉಡುಗೊರೆಯಾ, ಪಾಲಾ ಎಂದು ಯಾರೂ ಕೇಳಲಿಲ್ಲ. "ಎಂತ ಲೆಕ್ಕ ಮಾರಾಯ ನಮ್ಮೊಳಗೆ, ಆಮೇಲೆ ನೋಡುವ" ಎಂದು ನಗುತ್ತ ಚಾ ಕುಡಿದು ಎದ್ದೆವು. ನಾನು ಮೆಕ್ಯಾನಿಕಲ್ ಡಿಪ್ಲೊಮಾದವನು. ಕಂಪ್ರೆಸರ್ ಆಯಿಲ್ ಇಲ್ಲದ್ದೇ ಆಗಬೇಕು, ಗಾಳಿಯಲ್ಲಿ ಎಣ್ಣೆಯ ಅಂಶ ಬಂದರೆ ಫಿಲ್ಲಿಂಗ್ ಸರಿಯಾಗಿ ಹಿಡಿಯುವುದಿಲ್ಲ ಎಂದು ಡೀಲರ್ ಜೊತೆ ಎರಡು ದಿನ ವಾದ ಮಾಡಿದೆ. ಹಣದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅದು ನನ್ನ ತಪ್ಪು.

ಆ 18 ಲಕ್ಷ ಹೋದ ದಾರಿ ನೋಡಿ. ಚೇರ್‌ಗೆ ಮೂರೂವರೆ. ಎಕ್ಸ್‌ರೇ, ಕಂಪ್ರೆಸರ್, ಸಕ್ಷನ್, ಆಟೋಕ್ಲೇವ್ ಮತ್ತು ಕೈ ಉಪಕರಣಗಳಿಗೆ ನಾಲ್ಕೂವರೆ. ಕಟ್ಟಡದ ಅಡ್ವಾನ್ಸ್ ಒಂದೂವರೆ. ಪೈಪು, ವಯರಿಂಗ್, ಫಾಲ್ಸ್ ಸೀಲಿಂಗ್, ಗಾಜಿನ ಬಾಗಿಲು, ಬೋರ್ಡ್ ಎಲ್ಲ ಸೇರಿ ಏಳು. ಉದ್ಘಾಟನೆಯ ಬಿರಿಯಾನಿ, ಫೋಟೋ ಇತ್ಯಾದಿಗೆ 1,10,000. ಚೇರ್ ಮಾರಿದಾಗ ಸಿಕ್ಕಿದ್ದೂ ಸರಿಯಾಗಿ ಅಷ್ಟೇ. ಮಾರನೆಯ ದಿನ ಬಾಗಿಲು ತೆರೆಯುವಾಗ ಕೈಯಲ್ಲಿ ಉಳಿದದ್ದು 40,000.

40,000 ರೂಪಾಯಿಯಲ್ಲಿ ಕ್ಲಿನಿಕ್ ಎಷ್ಟು ದಿನ ನಿಲ್ಲುತ್ತದೆ? ಉಪ್ಪನ ಪುಸ್ತಕದ ಹಾಗೆ ಒಂದು ಉದಾಹರಣೆ ಬರೆಯುತ್ತೇನೆ. ತಿಂಗಳಿಗೆ ಬಾಡಿಗೆ 12,000. ಇಬ್ಬರು ಸಹಾಯಕಿಯರ ಸಂಬಳ 22,000. ಕರೆಂಟು, ನೀರು, ತ್ಯಾಜ್ಯ ಸಾಗಣೆ 5,000. ಯಂತ್ರಗಳ ರಿಪೇರಿಗೆ, ಮುಂದೆ ಹೊಸತು ತರಲು ತೆಗೆದಿಡುವುದು 12,000. ಸಾಲದ ಕಂತು 15,000. ಡಾಕ್ಟರಳ ಸ್ವಂತ ಸಂಬಳ 30,000. ಒಟ್ಟು 96,000. ರೋಗಿ ಕೊಡುವ 100 ರೂಪಾಯಿಯಲ್ಲಿ 25 ಔಷಧ ಸಾಮಗ್ರಿಗೆ ಮತ್ತು ಲ್ಯಾಬ್ ಬಿಲ್ಲಿಗೆ ಹೋದರೆ ಉಳಿಯುವುದು 75. ಹಾಗಾದರೆ 96,000 ಹುಟ್ಟಲು ತಿಂಗಳಿಗೆ 1,28,000 ರೂಪಾಯಿ ಕೆಲಸ ಆಗಬೇಕು. 26 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 4,900. ಒಬ್ಬ ರೋಗಿಯಿಂದ ಸರಾಸರಿ 500 ಬಂದರೆ ದಿನಕ್ಕೆ ಹತ್ತು ಜನ ಬೇಕು. ಹೊಸ ಕ್ಲಿನಿಕ್ಕಿಗೆ ಮೂರು ಜನ ಬಂದರೆ? ತಿಂಗಳಿಗೆ 66,750 ಕೈಯಿಂದ ಹಾಕಬೇಕು. ಆರು ತಿಂಗಳಿಗೆ ನಾಲ್ಕು ಲಕ್ಷ.

ನಿಮ್ಮ ಊರಿನ ಬಾಡಿಗೆ, ಸಂಬಳ ಬೇರೆ ಇರಬಹುದು. ಅಂಕಿ ಬದಲಿಸಿ ನೀವೇ ಹಾಕಿ ನೋಡಿ. ಆದರೆ ಈ ಕಾಗದ ಬರೆಯದೆ ಶಟರ್ ಎತ್ತಬೇಡಿ. ಫಾಲ್ಸ್ ಸೀಲಿಂಗ್ ಇಲ್ಲದಿದ್ದರೂ ಹಲ್ಲು ಕೀಳಬಹುದು. ಆರು ತಿಂಗಳ ಖರ್ಚು ಕೈಯಲ್ಲಿ ಇಲ್ಲದಿದ್ದರೆ ಬಾಗಿಲು ತೆರೆದಿಡಲು ಆಗುವುದಿಲ್ಲ.

ಇನ್ನು ರೋಗಿಗಳ ವಿಷಯ. ಮೊದಲ ಮೂರು ತಿಂಗಳು ತಂಗಿಯ ಕ್ಲಿನಿಕ್ಕಿಗೆ ಜನ ಬಂದರು, ಹೌದು. ಹೆಚ್ಚಿನವರು ನಮ್ಮವರೇ. "ನಮ್ಮ ಹುಡುಗಿಯಲ್ಲವಾ" ಎಂದು ಕ್ಲೀನಿಂಗ್ ಮಾಡಿಸಿಕೊಂಡು, ಮಕ್ಕಳ ಹಲ್ಲು ತೋರಿಸಿ, ಜ್ಯೂಸ್ ಕುಡಿದು ಹೋದರು. ಅದೇ ಜನ ರೂಟ್ ಕೆನಾಲ್, ಕ್ಯಾಪ್ ಎಂದಾಗ ಮಂಗಳೂರಿಗೆ ಹೋಗಿ ಕೇಳಿದಷ್ಟು ಎಣಿಸಿ ಕೊಟ್ಟು ಬಂದರು. ಗ್ಲೌಸ್, ಮರಗಟ್ಟಿಸುವ ಇಂಜೆಕ್ಷನ್, ಆಟೋಕ್ಲೇವ್‌ನ ಕರೆಂಟು ಯಾವುದೂ ಪುಕ್ಕಟೆ ಬರುವುದಿಲ್ಲ. ಬಡವರಿಗೆ ಬಿಟ್ಟುಕೊಡುವುದು ಬೇರೆ, ಅದು ಅವಳ ಇಷ್ಟ, ಅವಳ ಪುಣ್ಯ. ಕಾರಿನಲ್ಲಿ ಬಂದವರು ಬಿಟ್ಟಿ ಕೇಳುವುದು ಬೇರೆ. ನಿಮಗೆ ಅವಳ ಮೇಲೆ ನಿಜವಾಗಿ ಪ್ರೀತಿ ಇದ್ದರೆ ಪೂರ್ತಿ ಫೀಸು ಕೊಡಿ.

ಎರಡನೆಯ ವರ್ಷ ಜನ ಕೂಡಿಬರಲು ಶುರುವಾಯಿತು. ಅಷ್ಟರಲ್ಲಿ 5 ಲಕ್ಷ ಕೊಟ್ಟವರು ಊರಿಗೆ ಬಂದರು. ಅವರ ಲೆಕ್ಕದಲ್ಲಿ ಅದು ಪಾಲು. ತಿಂಗಳ ಲಾಭದಲ್ಲಿ ಭಾಗ ಎಲ್ಲಿ ಎಂದು ಕೇಳಿದರು. ತಂಗಿಯ ಲೆಕ್ಕದಲ್ಲಿ ಅದು ಕೈಸಾಲ. ಅವಳ ಗಂಡನ ಲೆಕ್ಕದಲ್ಲಿ ಅಣ್ಣ ಕೊಟ್ಟ ಉಡುಗೊರೆ. ಮೂವರೂ ಸುಳ್ಳು ಹೇಳುತ್ತಿರಲಿಲ್ಲ. ಬರೆದಿಡದ ಮಾತನ್ನು ಪ್ರತಿಯೊಬ್ಬರೂ ತಮಗೆ ಬೇಕಾದ ಹಾಗೆ ನೆನಪಿಟ್ಟುಕೊಂಡಿದ್ದರು, ಅಷ್ಟೇ. ಮನೆಯೊಳಗೆ ಮಾತು ನಿಂತಿತು. ಕೊನೆಗೆ ಅವಳು ಕ್ಲಿನಿಕ್ ಮುಚ್ಚಿ, ಸಿಕ್ಕಿದ್ದನ್ನೆಲ್ಲ ಮಾರಿ ಅವರಿಗೆ ಕೊಟ್ಟಳು.

ಬಡ್ಡಿ ಬೇಡ ಎನ್ನುವಾಗ ನಮಗೆ ಸೂರಃ ಅಲ್ ಬಕರ ನೆನಪಾಗುತ್ತದೆ. ಒಳ್ಳೆಯದು. ಆದರೆ ಕುರ್‌ಆನಿನ ಅತಿ ದೀರ್ಘ ಆಯತ್ ಇರುವುದೂ ಅದೇ ಸೂರಃದಲ್ಲಿ, 282ನೆಯದು. ಅದು ಸಾಲದ ವ್ಯವಹಾರವನ್ನು ಬರೆದಿಡುವ, ಸಾಕ್ಷಿ ಇಟ್ಟುಕೊಳ್ಳುವ ಬಗ್ಗೆ ಇರುವ ಆಯತ್. ಕೆಲವೇ ಆಯತ್‌ಗಳ ಅಂತರದಲ್ಲಿ ಇರುವ ಎರಡು ವಿಷಯಗಳಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ಬಿಟ್ಟವರು ನಾವು. ಬರೆದಿಡುವುದು ಅಪನಂಬಿಕೆಯ ಗುರುತು ಎಂದು ನಮಗೆ ಯಾರು ಕಲಿಸಿದರು? ಬ್ಯಾಂಕಿನ ಬಡ್ಡಿ ಬೇಡ ಎಂದು ಮನೆಯವರಿಂದ ಹಣ ಪಡೆಯುವವರಿಗೆ ಕಾಗದ ಎಲ್ಲರಿಗಿಂತ ಹೆಚ್ಚು ಬೇಕು. ಸಾಲವಾದರೆ ಎಷ್ಟು ಕಂತು, ಯಾವಾಗಿನಿಂದ. ಪಾಲಾದರೆ ಲಾಭದಲ್ಲಿ ಎಷ್ಟು, ನಷ್ಟದಲ್ಲಿ ಎಷ್ಟು, ಬಿಟ್ಟುಹೋಗುವುದು ಹೇಗೆ. ಉಡುಗೊರೆಯಾದರೆ ಉಡುಗೊರೆ ಎಂದು ಒಂದು ಸಾಲು. ಇನ್ನೊಂದು ಮಾತು: ಆದಾಯ ತೆರಿಗೆ ಕಾನೂನಿನಂತೆ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯುವಂತಿಲ್ಲ. ಕವರಿನಲ್ಲಿ ಹಾಕಿ ಕೊಡುವ ಕಾಲ ಮುಗಿಯಿತು, ಬ್ಯಾಂಕಿನ ಮೂಲಕವೇ ಕಳಿಸಿ.

ಯಾರ ಹೆಸರಲ್ಲಿ ಏನಿದೆ ಎಂಬುದನ್ನೂ ನೋಡಿ. ಡೆಂಟಲ್ ಕೌನ್ಸಿಲ್ ನೋಂದಣಿ ಅವಳದು. ಕರ್ನಾಟಕದಲ್ಲಿ ನೋಂದಾಯಿಸಿದವಳು ತಲಪಾಡಿ ದಾಟಿ ಬಂದು ಪ್ರಾಕ್ಟೀಸ್ ಮಾಡುವುದಾದರೆ ಅದನ್ನು ಕೇರಳಕ್ಕೆ ವರ್ಗಾಯಿಸಿಕೊಳ್ಳಬೇಕು. ಕೇರಳದ 2018ರ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾನೂನಿನ ನೋಂದಣಿ, ಎಕ್ಸ್‌ರೇಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನೋಂದಣಿ, ಜೈವಿಕ ತ್ಯಾಜ್ಯದ ವ್ಯವಸ್ಥೆ, ಇವಕ್ಕೆಲ್ಲ ಉತ್ತರ ಹೇಳಬೇಕಾದವಳೂ ಅವಳೇ. ನಾಳೆ ತಪಾಸಣೆಗೆ ಬಂದರೆ ಅವಳನ್ನೇ ಕೇಳುತ್ತಾರೆ. ಆದರೆ ಬಾಡಿಗೆ ಕರಾರು ಗಂಡನ ಹೆಸರಲ್ಲಿ, ಬ್ಯಾಂಕ್ ಖಾತೆಯ ಎಟಿಎಂ ಕಾರ್ಡು ಅಣ್ಣನ ಕಿಸೆಯಲ್ಲಿ! ನಮ್ಮ ಮನೆಯಲ್ಲೂ ಹೀಗೇ ಇತ್ತು, ಕಾರ್ಡು ಇದ್ದದ್ದು ನನ್ನ ಹತ್ತಿರ. ಹೊಣೆ ಹೊರುವವಳು ಅವಳಾದರೆ ಕರಾರು, ಖಾತೆ, ಕೀಲಿಕೈ ಮೂರೂ ಅವಳ ಹೆಸರಿಗೇ ಬರಬೇಕು. ಹೆಣ್ಣುಮಕ್ಕಳಿಗೆ ವ್ಯವಹಾರ ತಿಳಿಯುವುದಿಲ್ಲ ಎನ್ನುವವರು, ತಿಳಿದ ಗಂಡಸರು ಸೇರಿ 18 ಲಕ್ಷ ಏನು ಮಾಡಿದೆವು ಎಂದು ಮೇಲೆ ಇನ್ನೊಮ್ಮೆ ಓದಲಿ.

ಬಾಡಿಗೆ ಕರಾರಿನ ಬಗ್ಗೆ ನನ್ನ ಕಸುಬಿನ ಒಂದು ಮಾತು. ಡೆಂಟಲ್ ಚೇರ್‌ಗೆ ನೀರು, ಗಾಳಿ, ಸಕ್ಷನ್, ಡ್ರೈನ್ ಎಲ್ಲ ನೆಲದ ಅಡಿಯಿಂದ ಬರುತ್ತವೆ. ಬಿಟ್ಟುಹೋಗುವಾಗ ಚೇರ್ ಬಿಚ್ಚಬಹುದು, ನೆಲದೊಳಗಿನ ಪೈಪು ಕಟ್ಟಡದವನಿಗೇ. 11 ತಿಂಗಳ ಕರಾರಿನ ಮೇಲೆ ಏಳು ಲಕ್ಷ ಸುರಿದ ನಮ್ಮ ಬುದ್ಧಿಗೆ ಏನು ಹೇಳುವುದು! ಐದು ವರ್ಷದ ಕರಾರು ಕೇಳಿ, ರಿಜಿಸ್ಟರ್ ಮಾಡಿಸಿ, ಬಾಡಿಗೆ ಏರಿಕೆ ಎಷ್ಟೆಂದು ಅದರಲ್ಲೇ ಬರೆಸಿ. ಚೇರ್‌ನ ಕೊಟೇಶನ್ ನೋಡುವಾಗ ಜಿಎಸ್‌ಟಿ ಸೇರಿಸಿದ ಮೊತ್ತವನ್ನೇ ನೋಡಿ. ಹಲ್ಲಿನ ಚಿಕಿತ್ಸೆಗೆ ಜಿಎಸ್‌ಟಿ ವಿನಾಯಿತಿ ಇರುವ ಕಾರಣ, ಯಂತ್ರಕ್ಕೆ ಕೊಟ್ಟ ತೆರಿಗೆ ಅಂಗಡಿಯವರಿಗೆ ಸಿಗುವ ಹಾಗೆ ಇನ್‌ಪುಟ್ ಕ್ರೆಡಿಟ್ ಆಗಿ ಮರಳಿ ಸಿಗುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ತಂಗಿ ಸೋತು ಕೂತಿಲ್ಲ. ಒಂದೂವರೆ ವರ್ಷದಿಂದ ಇನ್ನೊಬ್ಬರ ಕ್ಲಿನಿಕ್ಕಿನಲ್ಲಿ ಪರ್ಸೆಂಟೇಜ್ ಮೇಲೆ ಕೆಲಸ ಮಾಡುತ್ತಿದ್ದಾಳೆ. ಈಗ ವಯಸ್ಸಾದ ಡಾಕ್ಟರೊಬ್ಬರು ತಮ್ಮ ಕ್ಲಿನಿಕ್ ಬಿಟ್ಟುಕೊಡುತ್ತಾರಂತೆ, ತಾನು ವಹಿಸಿಕೊಳ್ಳುತ್ತೇನೆ ಎನ್ನುತ್ತಾಳೆ. ಕಳೆದ ತಿಂಗಳು ಒಂದು ನೋಟ್‌ಬುಕ್ ಹಿಡಿದು ಮನೆಗೆ ಬಂದಳು. ಅದರಲ್ಲಿ ಆ ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆಗಳು. ಮೂರು ವರ್ಷದ ಜಮಾಖರ್ಚು ತೋರಿಸುತ್ತೀರಾ? ಕಟ್ಟಡದವರು ನನ್ನ ಹೆಸರಿಗೆ ಹೊಸ ಕರಾರು ಬರೆದುಕೊಡುತ್ತಾರಾ? ಕ್ಲಿಪ್ ಹಾಕಿಸಿಕೊಂಡ ಎಷ್ಟು ಮಕ್ಕಳಿಂದ ಪೂರ್ತಿ ಹಣ ಮುಂಗಡ ಪಡೆದಿದ್ದೀರಿ, ಅವರ ಕೆಲಸ ಎಷ್ಟು ಬಾಕಿ ಇದೆ? ಕೊನೆಯ ಪ್ರಶ್ನೆ ನನಗೆ ಹೊಳೆಯುತ್ತಲೇ ಇರಲಿಲ್ಲ. ಹಣ ಹಳೆಯ ಡಾಕ್ಟರ ಕಿಸೆಗೆ ಹೋಗಿ, ಉಳಿದ ಎರಡು ವರ್ಷದ ಕೆಲಸ ಕೊಂಡವಳ ತಲೆಗೆ ಬರುತ್ತದೆ.

ನಾನು ಮತ್ತೆ 2 ಲಕ್ಷ ಕೊಡುತ್ತೇನೆ ಎಂದೆ. ಅವಳು ನೋಟ್‌ಬುಕ್ಕಿನ ಹೊಸ ಪುಟ ತೆರೆದು ಕೇಳಿದಳು: "ಕಾಕ, ಇದು ಸಾಲವಾ, ಪಾಲಾ, ಉಡುಗೊರೆಯಾ?" ಒಂದು ಕ್ಷಣ ನನಗೂ ನೋವಾಯಿತು, ಸುಳ್ಳು ಹೇಳುವುದಿಲ್ಲ. ನನ್ನ ಮೇಲೂ ನಂಬಿಕೆ ಇಲ್ಲವಾ ಎಂಬ ಮಾತು ಬಾಯಿವರೆಗೆ ಬಂದಿತ್ತು. ಆ ಮಾತಿನಿಂದ ಹಿಂದೆ ಏನಾಯಿತು ಎಂದು ನೆನಪಾಗಿ ಸುಮ್ಮನಾದೆ. ಬಡ್ಡಿ ಇಲ್ಲದ ಸಾಲ, ಏಳನೆಯ ತಿಂಗಳಿನಿಂದ 40 ಕಂತು, ತಲಾ 5,000 ಎಂದು ಬರೆದು ಸಹಿ ಹಾಕಿದೆ. ಉಪ್ಪ ಕನ್ನಡಕ ಹಾಕಿಕೊಂಡು ಓದಿ ಸಾಕ್ಷಿಯಾಗಿ ತಮ್ಮ ಸಹಿಯನ್ನೂ ಹಾಕಿದರು.

"ತಾರೀಕು ಬರೆಯಲಿಲ್ಲ" ಎಂದರು ಉಪ್ಪ. ಬರೆದೆ.